ಚೀಟಿ ಇಲ್ಲದ ಮುನ್ನೂರು ರೂಪಾಯಿ

ಬೆಳಿಗ್ಗೆ ಹಾಲಿನ ಸೊಸೈಟಿಗೆ ಹಾಲು ಕೊಟ್ಟು, ಪೇಪರು ಕಂಕುಳಲ್ಲಿಟ್ಟು ಮನೆಗೆ ಹೊರಡುವ ಹೊತ್ತಿಗೆ ರೆಂಜದಲ್ಲಿ ನಿಮ್ಮ ಪ್ರಾಯದ ಮಕ್ಕಳು ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ. ಕೆಲವರು ಇಲ್ಲೇ ಬೆಟ್ಟಂಪಾಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಹೋಗುವವರು, ಇನ್ನು ಕೆಲವರು ಪುತ್ತೂರಿಗೆ. ಮೊನ್ನೆ ಹಾಗೆ ಹಾದು ಬರುವಾಗ ಇಬ್ಬರ ಮಾತು ಕಿವಿಗೆ ಬಿತ್ತು.

"ಅವನಿಗೆ ಸರ್ಕಾರಿ ಕೆಲಸ ಆಯ್ತಂತೆ ಮಾರಾಯ."

"ಹೌದಾ? ಎಷ್ಟು ಕೊಟ್ಟದ್ದಂತೆ?"

ಕೇಳಿದವನ ಸ್ವರದಲ್ಲಿ ಸಿಟ್ಟಿರಲಿಲ್ಲ, ಹೊಟ್ಟೆಕಿಚ್ಚೂ ಇರಲಿಲ್ಲ. ಇವತ್ತು ಚಾಲಿ ಅಡಿಕೆಗೆ ರೇಟೆಷ್ಟು ಎಂದು ಕೇಳುವ ಹಾಗೆ ಕೇಳಿದ. ಕೆಲಸ ಸಿಕ್ಕಿದ ಆ ಹುಡುಗ ಯಾರೋ ನನಗೆ ಗೊತ್ತಿಲ್ಲ. ರಾತ್ರಿ ನಿದ್ದೆಗೆಟ್ಟು ಓದಿಯೇ ಗಿಟ್ಟಿಸಿದ್ದಾನೋ ಏನೋ. ಅವನು ಹೇಗೆ ಓದಿದ ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ಪ್ರಶ್ನೆ ನನ್ನ ಜೊತೆ ಮನೆಯವರೆಗೂ ಬಂತು. ಅದಕ್ಕೇ ಮಕ್ಕಳೇ, ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ಈ ಮುದುಕ ನಿಮ್ಮ ಹತ್ತಿರ ನಾಲ್ಕು ಮಾತಾಡಬೇಕೆಂದು ಕೂತಿದ್ದೇನೆ.

ನಮ್ಮ ಕಾಲ ಸತ್ಯಯುಗವಾಗಿತ್ತು, ನಿಮ್ಮ ಕಾಲ ಕೆಟ್ಟುಹೋಯಿತು ಎಂದು ಹೇಳುವುದಕ್ಕೆ ಅಲ್ಲ. ಹಾಗೆ ಹೇಳುವ ಯೋಗ್ಯತೆ ನನಗಿಲ್ಲ. ಯಾಕೆ ಇಲ್ಲ ಎಂಬುದನ್ನೇ ಮೊದಲು ಹೇಳಿಬಿಡುತ್ತೇನೆ.

1994ನೇ ಇಸವಿ. ಅಪ್ಪ ತೀರಿಕೊಂಡ ಮೇಲೆ ಜಾಗದ ಖಾತೆ ನನ್ನ ಹೆಸರಿಗೆ ಆಗಬೇಕಿತ್ತು. ಅರ್ಜಿ ಕೊಟ್ಟು ಏಳು ತಿಂಗಳು ಕಳೆದಿತ್ತು. ಯಾವ ಕಚೇರಿ ಎಂಬುದು ಬೇಡ. ಹೋದಾಗೆಲ್ಲ ಒಂದೊಂದು ಕಾರಣ: ಒಂದು ದಿನ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಇನ್ನೊಂದು ದಿನ ಫೈಲು ಕಾಣುವುದಿಲ್ಲ. ಕೊನೆಗೆ ಹೊರಗೆ ಜಗಲಿಯಲ್ಲಿ ಕೂತು ಅರ್ಜಿ ಬರೆದುಕೊಡುವವರೊಬ್ಬರು ನನ್ನನ್ನು ಬದಿಗೆ ಕರೆದು, "ಮಾಸ್ಟ್ರೇ, ಒಳಗೆ ಒಂಚೂರು ನೋಡಿಕೊಳ್ಳಿ" ಎಂದರು. ನಾನು ನೋಡಿಕೊಂಡೆ. ನೂರರ ಮೂರು ನೋಟುಗಳನ್ನು ಬಿಳಿ ಹಾಳೆಯಲ್ಲಿ ಮಡಚಿ ಮೇಜಿನ ಮೇಲಿನ ರಿಜಿಸ್ಟರಿನ ಅಡಿಗೆ ತಳ್ಳಿದೆ. ಏಳು ತಿಂಗಳು ಕಾಣದಿದ್ದ ಫೈಲು ಏಳು ನಿಮಿಷದಲ್ಲಿ ಕಂಡಿತು.

ಜೊತೆಗೆ ಆರನೇ ಕ್ಲಾಸಿನಲ್ಲಿದ್ದ ಮಗನಿದ್ದ. ಕೊಡೆ ತೆಗೆಸಿಕೊಡುತ್ತೇನೆಂದು ಕರೆದುಕೊಂಡು ಹೋಗಿದ್ದೆ. ಬೆಂಚಿನ ಮೇಲೆ ಕೂತು ಕಡಲೆಮಿಠಾಯಿ ತಿನ್ನುತ್ತಿದ್ದ, ನನ್ನ ಕೈಯ ಕಡೆ ನೋಡುತ್ತಿದ್ದಾನೆಂದು ನನಗೆ ತೋಚಲಿಲ್ಲ. ಸಂಜೆ ಬಸ್ಸಿನಲ್ಲಿ ಕಂಡಕ್ಟರು ಅವನಿಗೆ ಹಾಫ್ ಟಿಕೇಟು ಹರಿದುಕೊಟ್ಟರು. ಬಸ್ಸಿನ ಟಿಕೇಟು ಕೂಡಿಹಾಕುವುದು ಅವನಿಗೊಂದು ಹುಚ್ಚು. ಅದನ್ನು ನೀಟಾಗಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಕೇಳಿದ:

"ಅಪ್ಪಾ, ಆ ಮಾಮನಿಗೆ ದುಡ್ಡು ಕೊಟ್ಟಿರಲ್ಲ, ಅವರು ಯಾಕೆ ಚೀಟಿ ಕೊಡ್ಲಿಲ್ಲ?"

"ಅದೆಲ್ಲ ಮಾಮೂಲು. ದೊಡ್ಡವನಾದ ಮೇಲೆ ಗೊತ್ತಾಗ್ತದೆ" ಎಂದೆ.

ಅವನಿಗೆ ಅಷ್ಟು ಕಾಯಬೇಕಾಗಲಿಲ್ಲ. ಆ ಡಿಸೆಂಬರಿನಲ್ಲಿ ಧ್ವಜ ದಿನಕ್ಕೆ ಶಾಲೆಯಲ್ಲಿ ಮಕ್ಕಳಿಗೆ ಮಾರಲು ಪುಟ್ಟ ಧ್ವಜಗಳನ್ನು ಕೊಟ್ಟಿದ್ದರು. ರಾತ್ರಿ ಚಿಮಿಣಿ ಬೆಳಕಿನಲ್ಲಿ ಲೆಕ್ಕ ಹಾಕಿದರೆ ಎರಡು ರೂಪಾಯಿ ಕಮ್ಮಿ. ಐಸ್‌ಕ್ಯಾಂಡಿ ತಿಂದೆ ಎಂದು ಒಪ್ಪಿಕೊಂಡ. ಹೊಡೆಯಲು ನಾನು ಕೈಯೆತ್ತಿದೆ. ಹುಡುಗ ಅಳಲಿಲ್ಲ, ವಾದವನ್ನೂ ಮಾಡಲಿಲ್ಲ. ನಿಜವಾಗಿಯೂ ಅರ್ಥವಾಗದವನ ಹಾಗೆ ನನ್ನ ಮುಖ ನೋಡಿ, "ಅದಕ್ಕೆ ಯಾರಿಗೂ ಚೀಟಿ ಕೊಡ್ಲಿಕ್ಕಿಲ್ಲ ಅಪ್ಪಾ" ಎಂದ. ಎತ್ತಿದ ಕೈ ಹಾಗೇ ಇಳಿಯಿತು.

ಮಾಮೂಲು ಎಂಬ ಶಬ್ದವನ್ನೇ ನೋಡಿ. ಮಾಮೂಲು ಎಂದರೆ ಎಂದಿನದ್ದು, ದಿನಾ ನಡೆಯುವಂಥದ್ದು. ಮಾಮೂಲು ಬಸ್ಸು, ಮಾಮೂಲು ಗಿರಾಕಿ, ಮಾಮೂಲು ಜ್ವರ. ಮೇಜಿನಡಿಯಲ್ಲಿ ಕೊಡುವ ದುಡ್ಡಿಗೂ ಅದೇ ಹೆಸರು. ಲಂಚ ಎಂದರೆ ನಾಲಿಗೆ ತುಸು ಅಳುಕುತ್ತದೆ, ಮಾಮೂಲು ಎಂದರೆ ಅಳುಕೇ ಇಲ್ಲ. ಕಳ್ಳತನಕ್ಕೆ ಇಷ್ಟು ಮೆತ್ತಗಿನ ಅಂಗಿ ಹೊಲಿದುಕೊಟ್ಟದ್ದು ಯಾವ ಅಧಿಕಾರಿಯೂ ಅಲ್ಲ, ನಾವೇ, ಮಾತಾಡುವ ಜನ. ರೆಂಜದಲ್ಲಿ "ಎಷ್ಟು ಕೊಟ್ಟದ್ದಂತೆ" ಎಂದು ಕೇಳಿದ ಹುಡುಗನಿಗೆ ಆ ಮಾತು ಕಾಲೇಜಿನಲ್ಲಿ ಕಲಿಸಿದ್ದಲ್ಲ. ಅವನ ಮನೆಯಲ್ಲೂ ನನ್ನಂಥ ಒಬ್ಬ ಅಪ್ಪ ಬಸ್ಸಿನಲ್ಲಿ ಕೂತು ಅದೆಲ್ಲ ಮಾಮೂಲು ಎಂದಿರಬೇಕು.

ನಮ್ಮ ಊರಿನವರು ಸತ್ಯಕ್ಕೆ ಹೆದರದ ಜನವೇನಲ್ಲ. ಗಡಿಯಾಚೆ ಕಾಸರಗೋಡಿನ ಕಡೆ ಕಾನತ್ತೂರು ನಾಲ್ವರ್ ದೈವಸ್ಥಾನ ಇದೆಯಲ್ಲ, ಸಾಲ ಕೊಟ್ಟದ್ದು ಹಿಂದೆ ಬಾರದಿದ್ದರೆ, ಗಡಿಗುರುತಿನ ತಕರಾರು ಮುಗಿಯದಿದ್ದರೆ, "ಕಾನತ್ತೂರಿಗೆ ಹೋಗುವಾ" ಎಂದು ಒಂದು ಮಾತು ಹೇಳಿದರೆ ಸಾಕು, ಅರ್ಧ ಜಗಳ ಅಲ್ಲಿಗೇ ತೀರುತ್ತದೆ. ಅಲ್ಲಿ ನಿಂತು ಸುಳ್ಳು ಪ್ರಮಾಣ ಮಾಡುವ ಧೈರ್ಯ ಎಂಥ ಗಟ್ಟಿಗನಿಗೂ ಇಲ್ಲ. ಅದೇ ಮನುಷ್ಯ ಮರುದಿನ ತಾಲೂಕು ಕಚೇರಿಗೆ ಹೋಗಿ, ಎರಡೂವರೆ ಎಕರೆ ಅಡಿಕೆ ತೋಟವಿದ್ದೂ ಮಗಳ ಸ್ಕಾಲರ್‌ಶಿಪ್ಪಿಗೆಂದು ಕಮ್ಮಿ ಆದಾಯದ ಅಫಿಡವಿಟ್ಟಿಗೆ ಸಹಿ ಹಾಕುತ್ತಾನೆ. ಅದೂ ಪ್ರಮಾಣವೇ ಅಲ್ಲವೇ? ಪ್ರಮಾಣಪತ್ರ ಎಂದೇ ಅಲ್ಲವೇ ಅದಕ್ಕೆ ಹೆಸರು? ದೈವದೆದುರು ಒಂದು ಸತ್ಯ, ಸರ್ಕಾರದೆದುರು ಇನ್ನೊಂದು. ಸರ್ಕಾರ ಎಂದರೆ ಯಾರದ್ದೋ ಸೊತ್ತು ಎಂದು ತಿಳಿದದ್ದರಿಂದ ಬಂದ ರೋಗ ಇದು. ಆ ಮಗಳು ಸುಳ್ಳು ಕಾಗದ ಹಿಡಿದು ಕಾಲೇಜು ಸೇರುತ್ತಾಳೆ. ಯಾವುದೋ ಕಾಲನಿಯ ಇನ್ನೊಬ್ಬಳಿಗೆ ಹೋಗಬೇಕಿದ್ದ ದುಡ್ಡು ಅದು ಎಂದು ಅವಳಿಗೆ ಯಾರೂ ಹೇಳುವುದಿಲ್ಲ.

ಈ ರೋಗ ಬೆಳೆದು ದೊಡ್ಡದಾದರೆ ಏನಾಗುತ್ತದೆ ಎಂಬುದನ್ನು ನೀವೇ ಕಂಡಿದ್ದೀರಿ, ಇಲ್ಲವೇ ನಿಮ್ಮ ಅಕ್ಕ ಅಣ್ಣಂದಿರು ಕಂಡಿದ್ದಾರೆ. 2016ರ ಮಾರ್ಚ್ 21ಕ್ಕೆ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪರೀಕ್ಷೆ. ಪ್ರಶ್ನೆಪತ್ರಿಕೆ ಮೊದಲೇ ಹೊರಬಿದ್ದಿತ್ತು, ಪರೀಕ್ಷೆ ರದ್ದಾಯಿತು. ಮಾರ್ಚ್ 31ಕ್ಕೆ ಮತ್ತೆ ಇಟ್ಟರು, ಅದೂ ಸೋರಿತು. ಕೊನೆಗೆ ನಡೆದದ್ದು ಏಪ್ರಿಲ್ 12ಕ್ಕೆ. ಸುಮಾರು ಒಂದೂಮುಕ್ಕಾಲು ಲಕ್ಷ ಮಕ್ಕಳು ಒಂದೇ ಪುಸ್ತಕವನ್ನು ಮೂರು ಸಲ ಓದಿದರು. ಪ್ರಶ್ನೆಪತ್ರಿಕೆ ಕೊಂಡುಕೊಂಡವರು ಬೆರಳೆಣಿಕೆಯ ಮಂದಿ, ನಿದ್ದೆಗೆಟ್ಟವರು ಎಲ್ಲರೂ.

ಆಮೇಲೆ ಪೊಲೀಸ್ ಇಲಾಖೆಯ ಪಿಎಸ್‌ಐ ನೇಮಕಾತಿ ಬಂತು. 545 ಹುದ್ದೆಗಳು, ಬರೆದವರು ಐವತ್ತು ಸಾವಿರಕ್ಕೂ ಹೆಚ್ಚು. ಪರೀಕ್ಷೆ ನಡೆದದ್ದು 2021ರ ಅಕ್ಟೋಬರ್ 3ಕ್ಕೆ. ಒಬ್ಬ ಖಾಲಿ ಬಿಟ್ಟ ಓಎಂಆರ್ ಹಾಳೆ ಆಮೇಲೆ ತುಂಬಿತು, ಇನ್ನೊಬ್ಬನ ಕಿವಿಯೊಳಗಿನ ಬ್ಲೂಟೂತ್ ಉತ್ತರ ಹೇಳಿತು ಎಂದು ಸಿಐಡಿ ತನಿಖೆ ಒಂದೊಂದನ್ನೇ ಹೊರಗೆಳೆಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಪೊಲೀಸ್ ಅಧಿಕಾರಿಯೇ 2022ರ ಜುಲೈಯಲ್ಲಿ ಬಂಧನಕ್ಕೊಳಗಾದರು. ಪರೀಕ್ಷೆಯನ್ನು ಸರ್ಕಾರ ಅದಕ್ಕೂ ಮೊದಲೇ, ಏಪ್ರಿಲಿನಲ್ಲೇ ರದ್ದು ಮಾಡಿತ್ತು. ಮರುಪರೀಕ್ಷೆ ನಡೆಯುವಾಗ 2024ರ ಜನವರಿ 23.

ಈ ಕಥೆಯಲ್ಲಿ ನನಗೆ ಕಳ್ಳರಿಗಿಂತ ಹೆಚ್ಚು ಕಾಡುವವರು ಬೇರೆ. ಆ 545ರ ಪಟ್ಟಿಯಲ್ಲಿ ಸ್ವಂತ ಓದಿನಿಂದಲೇ ಹೆಸರು ಬರೆಸಿಕೊಂಡವರೂ ಇದ್ದರು. ನಾವು ತಪ್ಪು ಮಾಡಿಲ್ಲ, ನಮ್ಮನ್ನು ಬೇರೆ ಮಾಡಿ ಎಂದು ಬೀದಿಯಲ್ಲಿ ಕೂತು ಬೇಡಿದರು, ಕೋರ್ಟಿಗೂ ಹೋದರು. ಅಷ್ಟು ಕಲಸಿಹೋದ ಮೇಲೆ ಬೇರೆ ಮಾಡುವುದು ಹೇಗೆ? ಊರಿನಲ್ಲಿ ಸನ್ಮಾನ ಮಾಡಿ ಶಾಲು ಹೊದಿಸಿದವರೇ "ಎಷ್ಟು ಕೊಟ್ಟಿದ್ದನೋ" ಎಂದು ಆಡಿಕೊಳ್ಳತೊಡಗಿದರು. ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಭ್ರಷ್ಟಾಚಾರ ನಿಮ್ಮ ಕಿಸೆಯಿಂದ ದುಡ್ಡು ಕಸಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ದುಡ್ಡು ಮತ್ತೆ ದುಡಿದರೆ ಬರುತ್ತದೆ. ಅದು ಕಸಿಯುವುದು ನಿಮ್ಮ ಬೆವರಿನ ಸಾಕ್ಷಿಯನ್ನು. ನಾನು ಓದಿ ಪಾಸಾದೆ ಎಂದು ಹೇಳಿದರೆ ನಂಬುವವರು ಊರಿನಲ್ಲಿ ಉಳಿಯುವುದಿಲ್ಲ. ಸ್ವಲ್ಪ ದಿನ ಹೋದರೆ ಓದುವವನಿಗೇ ನಂಬಿಕೆ ಹೋಗುತ್ತದೆ. ಹೇಗೂ ದುಡ್ಡಿಗೇ ಆಗುವುದಾದರೆ ನಾನು ಯಾಕೆ ಓದಬೇಕು ಎಂದು ಇಪ್ಪತ್ತರ ಹುಡುಗ ಪುಸ್ತಕ ಮುಚ್ಚುತ್ತಾನಲ್ಲ, ಆಗ ಅವನು ಲಂಚ ಕೊಟ್ಟೂ ಇಲ್ಲ, ತೆಗೆದುಕೊಂಡೂ ಇಲ್ಲ. ಆದರೂ ಲಂಚ ಅವನನ್ನು ತಿಂದು ಮುಗಿಸಿದೆ.

ಇನ್ನೊಂದು ಹಾನಿ ನಾಚಿಕೆಯದ್ದು. ನಮ್ಮ ಅವಿಭಜಿತ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಶಾಲೆ ಕಾಲೇಜುಗಳಿಗೆ ಹೋಗಿ ಇದನ್ನೇ ವರ್ಷಗಟ್ಟಲೆ ಹೇಳುತ್ತಾ ಬಂದಿದ್ದಾರೆ: ಹಿಂದೆ ಜೈಲಿಗೆ ಹೋಗಿ ಬಂದವರನ್ನು ಊರು ದೂರವಿಡುತ್ತಿತ್ತು, ಈಗ ಜಾಮೀನಿನಲ್ಲಿ ಹೊರಬಂದವರಿಗೆ ಹಾರ ಹಾಕಿ ಮೆರವಣಿಗೆ ಮಾಡುತ್ತದೆ ಎಂಬುದು ಅವರ ಸಂಕಟ. ಲೋಕಾಯುಕ್ತರಾಗಿ ಅವರು 2011ರ ಜುಲೈ 27ರಂದು ಕೊಟ್ಟ ಅಕ್ರಮ ಗಣಿಗಾರಿಕೆಯ ವರದಿಯ ಬೆನ್ನಿಗೆ, ಅದೇ ತಿಂಗಳ 31ಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಸಂತೋಷ್ ಹೆಗ್ಡೆಯವರ ತಂದೆ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. 1973ರಲ್ಲಿ ಸೇವಾ ಹಿರಿತನ ಇದ್ದೂ ಅವರನ್ನು ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ, ಹುದ್ದೆಗೆ ಅಂಟಿ ಕೂರದೆ ರಾಜೀನಾಮೆ ಬರೆದುಕೊಟ್ಟು ಬಂದವರು. ಆಮೇಲೆ ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಆ ಮಗ ಆ ಅಪ್ಪನ ಕೈಯನ್ನು ನೋಡುತ್ತಾ ಬೆಳೆದದ್ದು, ನನ್ನ ಮಗ ನನ್ನ ಕೈಯನ್ನು ನೋಡಿದ ಹಾಗೆಯೇ. ಕೈಗಳು ಮಾತ್ರ ಬೇರೆ ಬೇರೆ.

ದೊಡ್ಡವರ ಮಾತು ದೂರವಾಯಿತು ಎನ್ನುವುದಾದರೆ ನಮ್ಮ ಪುತ್ತೂರನ್ನೇ ನೋಡಿ. ಮೊಳಹಳ್ಳಿ ಶಿವರಾಯರ ಹೆಸರು ಕೇಳಿರಬಹುದು. ಇವತ್ತು ಮಂಗಳೂರಿನಲ್ಲಿ ದೊಡ್ಡ ಕಟ್ಟಡದಲ್ಲಿರುವ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲಿ, ಅವರ ಮುಂದಾಳತನದಲ್ಲಿ. ಸರಿಯಾದ ರಸ್ತೆಯೇ ಇಲ್ಲದ ಕಾಲದಲ್ಲಿ ರೈತ ತನ್ನ ಉಳಿತಾಯವನ್ನು ತಂದು ಇನ್ನೊಬ್ಬರ ಕೈಯಲ್ಲಿ ಇಡಬೇಕಾದರೆ ಆ ಮನುಷ್ಯನ ಮೇಲೆ ಎಷ್ಟು ಭರವಸೆ ಇರಬೇಕು? ಅಡಿಕೆ ಧಾರಣೆ ಬಿದ್ದು ಬೆಳೆಗಾರ ಕಂಗಾಲಾಗಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಕ್ಯಾಂಪ್ಕೊ ಕಟ್ಟಿದ್ದೂ ಅದೇ ಭರವಸೆಯ ಮೇಲೆ. ಆ ಭರವಸೆಯ ಫಲವಾಗಿಯೇ ಪುತ್ತೂರಿಗೆ 1986ರಲ್ಲಿ ಚಾಕಲೇಟು ಕಾರ್ಖಾನೆ ಬಂತು, ನಮ್ಮ ತೋಟದ ಕೊಕ್ಕೋ ಕಾಯಿಗೆ ಒಂದು ದಾರಿಯಾಯಿತು. ಪ್ರಾಮಾಣಿಕತೆ ಹೊಟ್ಟೆ ತುಂಬಿಸುತ್ತದಾ ಎಂದು ಕೇಳುವವರಿದ್ದಾರೆ. ಈ ತಾಲೂಕಿನ ಎಷ್ಟು ಮನೆಗಳ ಹೊಟ್ಟೆಯನ್ನು ಅದು ತುಂಬಿಸಿದೆ ಎಂದು ನಿಮ್ಮ ಅಜ್ಜಂದಿರನ್ನು ಕೇಳಿ.

ಹಾಗೆಂದು ಸುಳ್ಳು ಧೈರ್ಯ ಹೇಳಲಾರೆ. ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ, ಕೆಲವರು ಜೀವವನ್ನೇ ತೆತ್ತಿದ್ದಾರೆ. ನಮ್ಮ ಕೋಲಾರ ಕಡೆಯ ಎಸ್. ಮಂಜುನಾಥ್ ಐಐಎಂನಲ್ಲಿ ಓದಿ ಇಂಡಿಯನ್ ಆಯಿಲ್ ಕಂಪನಿ ಸೇರಿದ ಹುಡುಗ. ಉತ್ತರ ಪ್ರದೇಶದಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದ. ಪ್ರಾಯ 27. ನಿಮ್ಮಿಂದ ಅಂಥ ಬಲಿಯನ್ನು ಕೇಳುವ ಹಕ್ಕು ಮುನ್ನೂರು ರೂಪಾಯಿಗೆ ಸೋತ ನನಗಿಲ್ಲ. ಸಣ್ಣದನ್ನು ಕೇಳುತ್ತೇನೆ.

ತೋಟಕ್ಕೆ ಮದ್ದು ಬಿಡುವುದನ್ನು ನೀವೆಲ್ಲ ಕಂಡವರೇ. ಮಳೆ ಹಿಡಿಯುವ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ಬಿದ್ದಿರಬೇಕು. ಕೊಳೆರೋಗ ಹತ್ತಿ ಎಳೆ ಅಡಿಕೆ ಬುಡದಲ್ಲಿ ಉದುರತೊಡಗಿದ ಮೇಲೆ ಎಷ್ಟು ಬಿಟ್ಟರೂ ಉದುರಿದ್ದು ಮರಕ್ಕೆ ಏರುವುದಿಲ್ಲ. ಮನುಷ್ಯನ ನಡತೆಗೂ ಇದೇ ಲೆಕ್ಕ. ಕುರ್ಚಿಯಲ್ಲಿ ಕೂತ ಮೇಲೆ ಪ್ರಾಮಾಣಿಕನಾಗುತ್ತೇನೆ ಎಂದರೆ ಆಗುವುದಿಲ್ಲ, ಮಳೆ ಅಷ್ಟರಲ್ಲಿ ಹಿಡಿದಿರುತ್ತದೆ. ಮದ್ದಿನ ಕಾಲ ಈಗ, ನಿಮ್ಮ ಹದಿನೆಂಟು ಇಪ್ಪತ್ತರಲ್ಲಿ.

ಮದ್ದು ತಯಾರಿಸುವಾಗ ಅಪ್ಪ ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತುತ್ತಿನ ನೀರು, ಸುಣ್ಣದ ತಿಳಿ ಎರಡನ್ನೂ ಸೇರಿಸಿ ಕದಡಿದ ಮೇಲೆ ನೋಡಲು ಚೆಂದದ ನೀಲಿ. ಕಣ್ಣಿಗೆ ಯಾವ ಕುಂದೂ ಕಾಣುವುದಿಲ್ಲ. ಅಪ್ಪ ಆ ನೀಲಿಯನ್ನು ನಂಬುತ್ತಿರಲಿಲ್ಲ. ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಿದ್ದರು. ಅಲಗು ಹೊಳಪಾಗಿಯೇ ಬಂದರೆ ಮದ್ದು ಹದವಾಗಿದೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಹಾಗೇ ಬಿಟ್ಟರೆ ಗೊನೆಯೇ ಸುಟ್ಟುಹೋಗುತ್ತದೆ. ಇನ್ನೊಂದು ಹಿಡಿ ಸುಣ್ಣ ಹಾಕಿ, ಮತ್ತೆ ಅದ್ದಿ ನೋಡುತ್ತಿದ್ದರು.

ನಿಮ್ಮ ದಿನದಲ್ಲೂ ಕತ್ತಿ ಅದ್ದುವ ಹೊತ್ತುಗಳಿವೆ. ಗೆಳೆಯ ಬಾರದಿದ್ದರೂ ಅವನ ಹಾಜರಿಗೆ ನೀವು "ಎಸ್ ಸರ್" ಎನ್ನುತ್ತೀರಲ್ಲ, ಅಲ್ಲಿ. ಯಾರೋ ಮಾಡಿದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದು ಹೆಸರು ಮಾತ್ರ ಬದಲಿಸುತ್ತೀರಲ್ಲ, ಅಲ್ಲಿ. ಎಂಟು ಹಾಕಿ ತೋರಿಸದೆಯೇ ಏಜೆಂಟರ ಕೈಯಲ್ಲಿ ಲೈಸೆನ್ಸು ಮಾಡಿಸಿಕೊಳ್ಳುತ್ತೀರಲ್ಲ, ಅಲ್ಲಿ. ಈ ಕೊನೆಯದ್ದಂತೂ ಬರೀ ನೀತಿಯ ಮಾತಲ್ಲ, ನಮ್ಮ ಸಂಟ್ಯಾರು ಪಾಣಾಜೆ ರಸ್ತೆಯ ತಿರುವುಗಳಲ್ಲಿ ಎದುರಿನಿಂದ ಬರುವವರ ಪ್ರಾಣದ ಮಾತು. ಮೊದಲ ಓಟಿನ ಹಿಂದಿನ ರಾತ್ರಿ ಮನೆಗೆ ಬರುವ ಕವರಿನಲ್ಲೂ ಕತ್ತಿ ಅದ್ದಬಹುದು. ಶೆಡ್ಡಿನಲ್ಲಿ ಕಾರು, ಕಪಾಟಿನಲ್ಲಿ ಬಿಪಿಎಲ್ ಕಾರ್ಡು ಇಟ್ಟುಕೊಂಡ ಮನೆ ನಿಮ್ಮದಾದರೆ, ಊಟಕ್ಕೆ ಕೂತಾಗ ಅಪ್ಪನ ಹತ್ತಿರ ಮೆಲ್ಲಗೆ ಕೇಳಿ. ಬೈಗುಳ ಸಿಗಬಹುದು. ಆದರೆ ನನ್ನ ಮಗ ಅವತ್ತು ಕೇಳಿದ ಒಂದು ಮಾತು ಮೂವತ್ತು ವರ್ಷ ನನ್ನೊಳಗೆ ಕೆಲಸ ಮಾಡಿದೆ, ನಿಮ್ಮ ಅಪ್ಪನೂ ಮನುಷ್ಯನೇ.

ನಮಗಿಲ್ಲದ ಕೆಲವು ಹತಾರಗಳು ನಿಮಗಿವೆ, ಅವಕ್ಕೆ ತುಕ್ಕು ಹಿಡಿಸಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಲೇಬೇಕು, ಬಡವರಿಗೆ ಆ ಹತ್ತೂ ಬೇಡ. ಸರ್ಕಾರಿ ಸೇವೆಗೆ ಗಡುವು ಇಡುವ ಸಕಾಲ ಯೋಜನೆ 2012ರಿಂದ ಇದೆ. ಅರ್ಜಿ ಕೊಟ್ಟ ಕೂಡಲೇ ಸಂಖ್ಯೆ ಇರುವ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ನಿಗದಿಯಾದ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಮೊತ್ತ ಸಣ್ಣದು, ಆದರೆ ತಡವಾದದ್ದು ಅವರ ತಪ್ಪು ಎಂದು ಕಾಗದದಲ್ಲಿ ದಾಖಲಾಗುತ್ತದೆ. ಲಂಚಕೋರರನ್ನು ಹಿಡಿಯುವ ಅಧಿಕಾರ 2022ರ ಹೈಕೋರ್ಟು ತೀರ್ಪಿನ ಮೇಲೆ ಮತ್ತೆ ಲೋಕಾಯುಕ್ತ ಪೊಲೀಸರ ಕೈಗೆ ಬಂದಿದೆ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ: 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ನೇರ ಅಪರಾಧ, ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು, ಕೊಟ್ಟವನು ಆಗ ಪಾರು. ಆ ಕಾನೂನು 1994ರಲ್ಲಿ ಇದ್ದಿದ್ದರೆ ರಿಜಿಸ್ಟರಿನ ಆಚೆಗಿದ್ದವರ ಜೊತೆ ಈಚೆಗಿದ್ದ ನಾನೂ ನೇರ ಆರೋಪಿಯೇ. ಅದು ಸರಿಯೂ ಹೌದು.

ಹೋದ ವರ್ಷ ಅದೇ ಜಾಗದ ಇನ್ನೊಂದು ಕಾಗದಕ್ಕೆಂದು ಮತ್ತೆ ಕಚೇರಿ ಹತ್ತಿದೆ. ಮೊಣಕಾಲು ನೋವು, ಮೂರು ಸಲ ಹೋಗಬೇಕಾಯಿತು. ಎರಡನೇ ಸಲ ಹೊರಗೆ ಒಬ್ಬರು, "ಅಜ್ಜಾ, ನೀವು ಯಾಕೆ ಇಷ್ಟು ಬಂಙ ಬರುವುದು, ಒಂಚೂರು ನೋಡಿಕೊಂಡರೆ ಆಯ್ತಲ್ಲ" ಎಂದರು. ಮೂವತ್ತು ವರ್ಷದಲ್ಲಿ ಆ ಮಾತಿನ ಒಂದು ಅಕ್ಷರವೂ ಬದಲಾಗಿಲ್ಲ. ಆರನೇ ಕ್ಲಾಸಿನ ಹುಡುಗನೊಬ್ಬ ಅವತ್ತು ಬಸ್ಸಿನಲ್ಲಿ ಕೇಳಿದ್ದನ್ನೇ ನಾನು ಅವರಿಗೆ ಕೇಳಿದೆ. ಅವರು ನನ್ನ ಮುಖ ನೋಡಿದರು, ನಕ್ಕರು, ಆಮೇಲೆ ನಗು ನಿಲ್ಲಿಸಿ ಆಚೆ ಹೋದರು. ಕೆಲಸ ಒಂದು ತಿಂಗಳು ತಡವಾಗಿ ಆಯಿತು. ಆದರೆ ಆಯಿತು.

ನಿಮ್ಮ ಎದುರಿಗೂ ಯಾರಾದರೂ ಕೈ ಚಾಚುತ್ತಾರೆ, ಇವತ್ತಲ್ಲದಿದ್ದರೆ ನಾಳೆ. ಭಾಷಣ ಮಾಡಬೇಡಿ, ಜಗಳಕ್ಕೂ ನಿಲ್ಲಬೇಡಿ. ಹತ್ತಿರದಲ್ಲಿರುವ ನಾಲ್ಕು ಜನಕ್ಕೆ ಕೇಳುವಷ್ಟು ಸ್ವರದಲ್ಲಿ, ಮರ್ಯಾದೆಯಿಂದಲೇ ಕೇಳಿ:

"ಇದಕ್ಕೆ ಚೀಟಿ ಕೊಡ್ತೀರಾ?"